ಆಧಾರ ಬೇಕಾಗಿದೆ

ಸಿಮಿ ದ್ವೀಪದಿಂದ ಕೊನೆಯ ಹಡಗು ಹೊರಟ ಮೇಲೆ
ಥೆಮೆಲಿನಾ ಔಷಧದಂಗಡಿಯ ಬಾಗಿಲೆಳೆದು
ತಕ್ಕಡಿಯ ಪಕ್ಕದಲ್ಲೇ ಕಂಪ್ಯೂಟರ್ ತೆರೆಯುತ್ತಾಳೆ.
ವಿಶ್ವಕೋಶದ ಆ ಪುಟ ನಿನ್ನೆಯಂತಿಲ್ಲ.
ಯಾರೋ ಬಂದು ಅಲ್ಪವಿರಾಮವೊಂದನ್ನು ಕಿತ್ತಿದ್ದಾರೆ,
ಯಾರೋ 'ಗಡಿಯಾರ' ಎಂದದ್ದನ್ನು ಇನ್ಯಾರೋ
'ಲೆಕ್ಕದ ಯಂತ್ರ' ಮಾಡಿ ಹೋಗಿದ್ದಾರೆ.

ಎರಡು ಸಾವಿರ ವರ್ಷ ಕಡಲಡಿಯಲ್ಲಿದ್ದು
ಹಸಿರು ಕಿಲುಬಿನ ಮುದ್ದೆಯಾಗಿ ಮೇಲೆ ಬಂದದ್ದು;
ಒಳಗೆ ಹಲ್ಲು ಕಚ್ಚಿ ಕೂತ ಕಂಚಿನ ಚಕ್ರಗಳು,
ಸೂರ್ಯನ ಲೆಕ್ಕಕ್ಕೆ, ಚಂದ್ರನ ಲೆಕ್ಕಕ್ಕೆ,
ಗ್ರಹಣವನ್ನು ಮೊದಲೇ ಹೇಳಿಬಿಡುವುದಕ್ಕೆ.

ಪುಟ ಕಾಯುವವನು ಥೆಸಲೋನಿಕಿಯ ಝೀಸಿಸ್,
ಗಡಿಯಾರ ರಿಪೇರಿಯವನು. ಮುಖ ನೋಡಿಲ್ಲ ಅವಳು.
ದೊಡ್ಡ ಚಕ್ರಕ್ಕೆ ಹಲ್ಲು ಇನ್ನೂರಿಪ್ಪತ್ತಮೂರೇ ಎಂದು
ಚಳಿಗಾಲವಿಡೀ ಜಗಳಾಡಿ ಗೆದ್ದವನು.

ಅವಳು ಸೇರಿಸಿದ್ದು ಇಷ್ಟೇ:
'ಮುಳುಗುವವನು ಕೆಳಗಿರುವಷ್ಟು ಹೊತ್ತೂ
ದೋಣಿಯಲ್ಲೊಬ್ಬ ಗಾಳಿಪಂಪಿನ ಚಕ್ರ ತಿರುಗಿಸುತ್ತಿದ್ದ.
ಅವನ ಹೆಸರು ಪನೋರ್ಮಿಟಿಸ್.'

ಬೆಳಗಾಗುವಾಗ ಇರಲಿಲ್ಲ.
'ಆಧಾರ ಬೇಕಾಗಿದೆ. ದಯವಿಟ್ಟು ತಪ್ಪು ತಿಳಿಯಬೇಡಿ.'
ಮತ್ತೆ ಬರೆದಳು. ಮತ್ತೆ ಅಳಿಸಿದ,
ಅಷ್ಟೇ ವಿನಯದಿಂದ.

ಆಧಾರ ಎಲ್ಲಿಂದ ತರುವುದು?
ಅವಳು ನೋಡಿದ ಕಾಗದಗಳಲ್ಲೆಲ್ಲ
ಮುಳುಗಿದವರಿದ್ದಾರೆ, ತಿರುಗಿಸಿದವರಿಲ್ಲ.
ಇರುವುದು ಅಜ್ಜಿಯ ಬಾಯಿಯ ಒಂದು ಮಾತು.
ಕಾಫಿ ಬೀಸುವ ಹಿತ್ತಾಳೆ ಗಿರಣಿ ಕೈಗೆ ಕೊಟ್ಟು,
ಪುಟ್ಟ ತೋಳು ಸೋತಾಗ ಗದರುತ್ತಿದ್ದಳು:
'ತಿರುಗಿಸ್ತಾ ಇರೇ, ಕೆಳಗೆ ಒಬ್ಬ ಇದ್ದಾನೆ!'
ಅದು ಅಜ್ಜಿಯ ಅಪ್ಪನ ಮಾತಂತೆ. ಮುದುಕನಾದ ಮೇಲೂ
ನಿದ್ದೆಯಲ್ಲಿ ಅವನ ಬಲಗೈ
ಹಾಸಿಗೆಯ ಮೇಲೆ ಸುತ್ತು ಬರುತ್ತಿತ್ತಂತೆ.

ಇದನ್ನೆಲ್ಲ ಚರ್ಚೆಯ ಪುಟದಲ್ಲಿ ಬರೆದಳು,
ಸಾಕ್ಷಿಗೆಂದಲ್ಲ, ಸಿಟ್ಟಿಗೆ.
ಝೀಸಿಸ್ ಉತ್ತರಿಸಲಿಲ್ಲ.
ಮೂರು ದಿನ ಪುಟದಲ್ಲಿ ಹುಳುವೂ ಅಲುಗಲಿಲ್ಲ.
ನಾಲ್ಕನೆಯ ದಿನ, ಕೆಮ್ಮಿನ ಮದ್ದಿಗೆ ಬಂದ ಪಾದ್ರಿಯನ್ನು
ನಿಲ್ಲಿಸಿಟ್ಟುಕೊಂಡೇ ನೋಡಿದಳು.

ಹೆಸರಿಲ್ಲ.
ಹಳೆಯ ವಾಕ್ಯದ ನಡುವೆ ಹೊಸದಾಗಿ ಮೂರೇ ಪದ:
'ಕೈಪಂಪಿನ ಗಾಳಿ ಉಸಿರಾಡುತ್ತಾ ಮುಳುಗಿದವರು'.
ಅಡಿಯಲ್ಲಿ ಟಿಪ್ಪಣಿ: ಯಾವುದೋ ಹಳೆಯ ಕೈಪಿಡಿ, ಪುಟಸಂಖ್ಯೆ.
ಬದಲಾವಣೆಯ ಕಾರಣ ತುಂಬುವ ಪುಟ್ಟ ಜಾಗದಲ್ಲಿ
ಗಡಿಯಾರದವನು ಬರೆದಿದ್ದ:
'ಚಕ್ರ ತಾನಾಗಿ ತಿರುಗದು.'

ಗ್ರೀಕಿನಲ್ಲಿ ಆ ಪಂಪಿನ ಹೆಸರು ಉದ್ದ.
ನನ್ನ ಭಾಷೆಗೆ ತರುವಾಗ ಮೊದಲು ಬರುವುದು
ಒಂದೇ ಒಂದು ಅಕ್ಷರ, ಕೈ.

ಥೆಮೆಲಿನಾ ಏನೂ ಅಳಿಸಲಿಲ್ಲ.
'ಮುಳುಗಿದವರು' ಎಂಬುದಕ್ಕೆ ಮುಂಚೆ
ಒಂದು ಅಲ್ಪವಿರಾಮ ಹಾಕಿದಳು,
ನೀರಿಗಿಳಿಯುವ ಮೊದಲು ಉಸಿರೆಳೆದುಕೊಳ್ಳಲಿ ಎಂದು.

ಮಧ್ಯಾಹ್ನದೊಳಗೆ ಅದನ್ನೂ ಯಾರೋ ಕಿತ್ತರು.