ಕೆಂಪು ನಕ್ಷತ್ರದ ಖಾನೆ

ಗ್ರಿಮ್ಸ್‌ಬಿ ಲೈಬ್ರರಿಯ ಎರಡನೇ ಮಹಡಿ,
ಮಂಗಳವಾರ, ಸಂಜೆ ಆರೂವರೆ.
ಹೀಟರು ಟಕಟಕ ಎನ್ನುತ್ತದೆ, ಬಿಸಿಯಾಗುವುದಿಲ್ಲ.
ಹೊರಗೆ ಹಡಗುಕಟ್ಟೆಯ ಗಾಳಿ,
ಮೀನಿನ ವಾಸನೆ ಈಗ ಹೆಸರಿಗಷ್ಟೇ.

ವೆಬ್‌ಸೈಟು ಮಾಡಲು ಕಲಿಯುವವರು ಐದು ಜನ.
ನಾನು ಶೀತಲಗೃಹದ ರಾತ್ರಿ ಪಾಳಿಗೆ ಮುಂಚೆ
ಎರಡು ಗಂಟೆ ನಿದ್ದೆ ಕದ್ದು ಬಂದವನು.
ಗ್ವೆಂಡಾ ಮೇಡಂ ಮೊದಲ ದಿನ ಹೇಳಿದ್ದಿಷ್ಟೇ:
"ಜನ ಪುಟ ಬಳಸುವಾಗ ಬಾಯಿ ಬಿಡಬೇಡಿ.
ಕೈ ತುರಿಸಿದರೆ ಕೈಯ ಮೇಲೆ ಕೂತುಕೊಳ್ಳಿ."

ನನ್ನ ಪುಟ ಚೆಂದವಿತ್ತು, ನನ್ನ ಕಣ್ಣಿಗೆ.
ಮಂಜಿನ ಬಣ್ಣದ ಮೇಲೆ
ಮಂಜಿಗಿಂತ ಒಂದೆಳೆ ಗಾಢವಾದ ಅಕ್ಷರ.
ಮೇಲೆ ತಾನೇ ತಾನಾಗಿ ಸರಿಯುವ ಐದು ಚಿತ್ರ.
ಕೆಳಗೆ, ಕೌನ್ಸಿಲ್ಲು ಬಾಡಿಗೆಗೆ ಕೊಡುವ
ತೋಟದ ತುಂಡಿಗೆ ಅರ್ಜಿ.

ಬಂದವರು ಎನಿಡ್ ಬ್ಲಾಂಚರ್ಡ್, ಎಪ್ಪತ್ತೆಂಟು.
ಪರೀಕ್ಷೆ ನಿಮಗಲ್ಲ, ಪುಟಕ್ಕೆ, ಎಂದು ಎಷ್ಟು ಹೇಳಿದ್ದರೂ
ಒಳ್ಳೆಯ ಕೋಟು ಹಾಕಿಕೊಂಡು ಬಂದಿದ್ದರು.
ಮೂವತ್ತೊಂದು ವರ್ಷ ಹ್ಯಾಡಕ್ ಮೀನು ಸೀಳಿದ ಕೈ.
"ಚಾಕು ಇಲ್ಲಿ, ಮೀನು ಅಲ್ಲಿ, ಮಂಜುಗಡ್ಡೆ ಬೆನ್ನಿಗೆ.
ದೀಪ ಹೋದರೂ ಕೈ ತಪ್ಪುತ್ತಿರಲಿಲ್ಲ."
ಆ ಕೈ ಈಗ ಮೌಸಿನ ಮೇಲೆ
ಸಂತೆಯಲ್ಲಿ ತಪ್ಪಿಸಿಕೊಂಡ ಮಗುವಿನ ಹಾಗೆ.

"ಸಾರಿ" ಎಂದರು.
ಬಟನ್ನು ಎದುರಿಗೇ ಇತ್ತು. ನಾಲಿಗೆಯ ತುದಿಗೆ ಬಂದಿತ್ತು:
ಅಲ್ಲೇ, ಬಲಕ್ಕೆ, ಇನ್ನೊಂಚೂರು ಕೆಳಗೆ...
ಕೈಯ ಮೇಲೆ ಕೂತೆ.
"ಸಾರಿ, ನನಗೇ ಬುದ್ಧಿ ಸಾಲದು."
ಮೇಡಂ ಒಂದು ಚೀಟಿಯ ಮೇಲೆ ಗೆರೆ ಎಳೆಯುತ್ತಿದ್ದರು,
ಸಾರಿಗೆ ಒಂದರಂತೆ. ಒಟ್ಟು ಹನ್ನೊಂದು.
ಉದ್ರಿ ಲೆಕ್ಕ ತೋರಿಸುವ ಅಂಗಡಿಯವರಂತೆ
ಚೀಟಿಯನ್ನು ನನ್ನತ್ತ ತಳ್ಳಿದರು:
"ಇಷ್ಟೂ ನಿನ್ನ ತಲೆಗೆ."

ವಾರವಿಡೀ ತಿದ್ದಿದೆ. ಅಕ್ಷರ ಕಪ್ಪಗಾಯಿತು.
ಬಟನ್ನು ಬಟನ್ನಿನಂತೆ ಕಂಡಿತು.
"ಮುಂದುವರಿಯಿರಿ" ಹೋಗಿ "ಅರ್ಜಿ ಕಳಿಸಿ" ಬಂತು.
ಸರಿಯುವ ಚಿತ್ರಗಳನ್ನು ಕಿತ್ತಾಗ ಮಾತ್ರ
ಹೊಟ್ಟೆ ಉರಿಯಿತು. ಎರಡು ರಾತ್ರಿಯ ಕೆಲಸ.

ಮರುವಾರ ಎನಿಡ್ ಸಲೀಸಾಗಿ ನಡೆದರು,
ಹೆಸರು, ವಿಳಾಸ, ಫೋನು.
ನಾಲ್ಕನೆಯದು ಸಂಗಾತಿಯ ಹೆಸರು. ಪಕ್ಕದಲ್ಲಿ ಕೆಂಪು ನಕ್ಷತ್ರ.
ನಿಂತರು. ಅದನ್ನು ದಾಟಿ ಕೆಳಗೆ ಹೋದರು.
ಪುಟ ಹಿಂದಕ್ಕೆ ಎಳೆದು ತಂದಿತು:
"ಈ ಖಾನೆ ಖಾಲಿ ಬಿಡುವಂತಿಲ್ಲ."
ಮತ್ತೆ ಹೋದರು. ಮತ್ತೆ ತಂದಿತು.
ಈ ಸಲ ಸಾರಿ ಎನ್ನಲಿಲ್ಲ.
ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು,
ಒಂದು ಚುಕ್ಕಿ ಒತ್ತಿದರು.
ಪುಟಕ್ಕೆ ಅಷ್ಟೇ ಸಾಕಾಯಿತು.
ಹಸಿರು ಗುರುತು ಹಾಕಿ ಧನ್ಯವಾದ ಹೇಳಿತು.

"ಆ ಖಾನೆ ಯಾಕೆ?" ಎಂದರು ಮೇಡಂ.
ಹಳೆಯ ಕಾಗದದ ಅರ್ಜಿಯಲ್ಲಿತ್ತು.
"ಅದರಲ್ಲಿ ಯಾಕಿತ್ತು?"
ಗೊತ್ತಿಲ್ಲ.
ಆಲೂಗಡ್ಡೆ ಕೇಳುವುದೇ, ನೆಟ್ಟವಳ ಗಂಡ ಯಾರೆಂದು?

ಸ್ಕಾರ್ಫು ಕಟ್ಟಿಕೊಳ್ಳುತ್ತ ಎನಿಡ್ ಅಂದರು:
"ಅವನು ಹೋದದ್ದು ಐಸ್‌ಲ್ಯಾಂಡಿನ ಆಚೆ.
ಹಡಗೂ ಸಿಗಲಿಲ್ಲ.
ಹೆಸರು ಬರೆದುಕೊಟ್ಟರೆ ನೀವು ಅವನಿಗೆ ಕಾಗದ ಹಾಕುತ್ತೀರಿ.
ಗ್ಯಾಸಿನವರು ಹಾಕಿದ್ದರು, ಒಂಬತ್ತು ವರ್ಷ."
ಆಮೇಲೆ ರೂಬಾರ್ಬು ನೆಡಲು ಯಾವ ತಿಂಗಳು ಒಳ್ಳೆಯದೆಂದು
ಹೀಟರಿನ ಹತ್ತಿರ ನಿಂತು ಎಲ್ಲರಿಗೂ ವಿವರಿಸಿದರು.
ಬಸ್ಸು ತಪ್ಪಿತು.

ಆ ರಾತ್ರಿ ಶೀತಲಗೃಹದಲ್ಲಿ, ಎರಡು ಗಂಟೆಯ ಬಿಡುವಿಗೆ,
ಬಟಾಣಿ ಮೂಟೆಗಳ ನಡುವೆ ಫೋನು ತೆಗೆದೆ.
ಖಾನೆ ಅಳಿಸಿದ್ದಾಗಿತ್ತು. ಒಮ್ಮೆ ನಾನೇ ತುಂಬಿ ನೋಡೋಣವೆಂದು
ಕೈಗವಸು ಕಳಚಿ ಬಟನ್ನು ಒತ್ತಿದೆ.
ಮರಗಟ್ಟಿದ ಹೆಬ್ಬೆರಳು ಪಕ್ಕಕ್ಕೆ ಬಿತ್ತು,
ಬರೆದದ್ದೆಲ್ಲ ಅಳಿಸಿಹೋಯಿತು.
"ಸಾರಿ" ಎಂದೆ, ಯಾರಿಗೋ.
ಬಾಯಿಂದ ಹಬೆ ಬಂತು.

ಜೇಬಿನಲ್ಲಿ ಪೆನ್ಸಿಲಿಗೆ ತಡಕಿದೆ,
ಗೆರೆ ಎಳೆಯಲು.