ನಾಳೆ ಉಂಟಾ?

ಬೈಕಂಪಾಡಿಯ ಬೀಜದ ಫ್ಯಾಕ್ಟರಿಯಲ್ಲಿ
ಹಾಜರಿ ಪುಸ್ತಕ ನನ್ನದು. ಹನ್ನೊಂದು ವರ್ಷ.
ಸಂಜೆ ಐದೂವರೆಗೆ ಅವ್ವಮ್ಮ ಕಿಟಕಿಗೆ ಬಂದು
ಕೇಳುವುದು ಒಂದೇ: "ನಾಳೆ ಉಂಟಾ ಮಾಷ್ಟ್ರೆ?"
ನಾನು ಮಾಷ್ಟ್ರಲ್ಲ. ಆದರೂ ಹೇಳುತ್ತೇನೆ, ಉಂಟು.

ಆ 'ಉಂಟು' ಎಲ್ಲಿಂದ ಬರುತ್ತದೆಂದು
ಮೊದಲು ನನಗೂ ಗೊತ್ತಿರಲಿಲ್ಲ.
ನಮ್ಮ ಗುಡ್ಡೆಗಳ ಬೀಜ ಎರಡು ತಿಂಗಳಿಗೆ ಸಾಲದು.
ಉಳಿದದ್ದು ಹಡಗಿನಲ್ಲಿ, ಆಫ್ರಿಕದ ಒಂದು ಬಂದರಿಂದ;
ಅದರ ಹೆಸರನ್ನು ರಿಜಿಸ್ಟರಿನಲ್ಲಿ ಮೂರು ಥರ ಬರೆದಿದ್ದೇನೆ.
ಗೋಣಿಯ ಮೇಲೆ ಯಾರದೋ ಭಾಷೆಯ ಮಸಿ,
ಒಳಗೆ ಯಾರದೋ ಅಂಗಳದ ಧೂಳು,
ನಮ್ಮ ಮುರಕಲ್ಲಿನದೇ ಬಣ್ಣ.

ಒಂದು ಆಟಿಯಲ್ಲಿ, ಅಲ್ಲಿ
ಸಿಪಾಯಿಗಳು ರೇಡಿಯೋ ಸ್ಟೇಷನ್ನಿಗೆ ನುಗ್ಗಿದರು.
ಯಾರೋ ಹೋದ, ಯಾರೋ ಕೂತ.
ಉಪೇಂದ್ರ ಪೈಗಳು ಫೋನು ಕೆಳಗಿಟ್ಟು
"ಪೋರ್ಟ್ ಬಂದ್" ಎಂದರು, ಅಷ್ಟೆ.
ತರಿಸಿದ ಚಾ ಕುಡಿಯಲಿಲ್ಲ.
ಮುಂಗಡ, ವಿಮೆ, ಬ್ಯಾಂಕಿನ ಬಡ್ಡಿ, ಅವರ ಲೆಕ್ಕ ಅವರಿಗೆ.
ನನ್ನ ಲೆಕ್ಕ ಸಣ್ಣದು:
ನೂರ ಹನ್ನೆರಡು ಹೆಂಗಸರು, ಇಪ್ಪತ್ತಾರು ದಿನ, ಅಡ್ಡಗೆರೆ.

ಸೇಸಮ್ಮ ಸಂಘದ ಕಂತು ತಪ್ಪಿಸಿದಳು, ಮೊದಲ ಸಲ.
ಜೂಲಿಯಾನಳ ಮಗಳ ನರ್ಸಿಂಗ್ ಫೀಸು ಅರ್ಧಕ್ಕೆ ನಿಂತಿತು.
ಅವ್ವಮ್ಮ ಬೀಡಿ ಕಟ್ಟಲು ಹೋದಳು; ಗೇರೆಣ್ಣೆ ಸುಟ್ಟ ಬೆರಳಿಗೆ
ಎಲೆಯ ನಯ ಗೊತ್ತಾಗಲಿಲ್ಲವಂತೆ.
ಗುಂಡು ಹಾರಿದ್ದು ಅಲ್ಲಿ.
ಒಡೆದದ್ದು ಕಾಟಿಪಳ್ಳದಲ್ಲಿ, ಮಕ್ಕಳ ದುಡ್ಡಿನ ಡಬ್ಬಿ.

ಅದು ಆಫ್ರಿಕ ಎಂದು ನಗಬೇಡಿ ಮಾರಾಯ್ರೆ.
ನಮ್ಮಲ್ಲಿ ಒಂದು ಚೂರಿ ಹೊರಬಿದ್ದರೆ ಸಾಕು:
ನಿಷೇಧಾಜ್ಞೆ, ಇಂಟರ್ನೆಟ್ ಇಲ್ಲ, ಸುರತ್ಕಲ್ ಬಸ್ಸಿಲ್ಲ.
ತೊಡೆಗೆ ತೊಡೆ ತಾಗಿಸಿ ಸಿಪ್ಪೆ ಬಿಡಿಸುತ್ತಿದ್ದ ಬೆಂಚು
ನಡುವೆ ಒಂದು ಮೊಳ ಜಾಗ ಬಿಡುತ್ತದೆ.
ಊರು ಆಗಲೂ ಶಾಂತವೇ, ಪೇಪರಿನಲ್ಲಿ ಹಾಗೇ ಇರುತ್ತದೆ.
ಆ ಶಾಂತಿಯಲ್ಲಿ ಬಾಯ್ಲರ್ ಉರಿಯುವುದಿಲ್ಲ.

ಪೈಗಳು ಉಳ್ಳಾಲದಿಂದ ಕಸಿ ಗಿಡ ತಂದು ನೆಡಿಸಿದರು.
ಮೂರು ವರ್ಷಕ್ಕೆ ಹೂ, ಏಳಕ್ಕೆ ಲಾಭ, ಎಂದ ಆಫೀಸರು.
ಹಾಗೆಂದ ಆಫೀಸರು ಮಳೆಗಾಲದೊಳಗೆ ವರ್ಗವಾದ.
ಮಂತ್ರಿ ಬದಲಾದ, ಸಬ್ಸಿಡಿಯ ಫಾರ್ಮು ಬದಲಾಯಿತು,
ಹಳೆಯ ಸಹಿ ನಡೆಯುವುದಿಲ್ಲವೆಂದರು.
ಗಿಡಕ್ಕೆ ಇದೊಂದೂ ಗೊತ್ತಿಲ್ಲ.
ನೀರು ಬಿಡುವವನಿಗೆ ಗೊತ್ತು.

ಕೆಲವು ರಾತ್ರಿ ಯೋಚಿಸುತ್ತೇನೆ:
ಆ ಬಂದರಿನ ಹಿಂದೆ, ಮಾರಿಹೋಗದ ಬೀಜದ ರಾಶಿಯ ಪಕ್ಕ
ಒಬ್ಬಳು ಕೂತಿದ್ದಳು, ಮಳೆಗೆ ತಾಡಪಾಲು ಎಳೆಯುತ್ತ.
ಅವಳೂ ಯಾವುದೋ ಕಿಟಕಿಗೆ ಹೋಗಿ ಕೇಳಿರಬೇಕು.
ಕಿಟಕಿಯಲ್ಲಿ ಕೋವಿ ಇತ್ತೋ ಏನೋ.

ಇವತ್ತು ಐದೂವರೆ. ಅವ್ವಮ್ಮ ಬಂದಳು,
ಬೆರಳಿಗೆ ಹರಳೆಣ್ಣೆ ತಿಕ್ಕುತ್ತ, ಎಂದಿನ ಪ್ರಶ್ನೆ.
ಉಂಟು, ಎಂದೆ.
ಅವಳು ಹೋದ ಮೇಲೆ ಸ್ಕೇಲು ತೆಗೆದು
ನಾಡಿದ್ದಿನ ಗೆರೆಯನ್ನೂ ಎಳೆದೆ,
ಪೆನ್ಸಿಲಿನಲ್ಲಿ.