ಆನೆ ಪಾರ್ಕಿನ ಬೋರ್ಡು

ಆರಡಿ ತಗಡು, ಒಂದೂವರೆ ಅಡಿ ಎತ್ತರ.
ಠರಾವಿನ ಜೆರಾಕ್ಸು ಕೈಗಿಟ್ಟು ಮೇಸ್ತ್ರಿ ಹೇಳಿದ:
'ಇದರಲ್ಲಿದ್ದಂಗೇ ಬರೀಬೇಕು ಕಲಂದರಣ್ಣ,
ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ.'
ಅದರಲ್ಲಿತ್ತು:
ದಿವಂಗತ ಕೆ. ಎಚ್. ತಿಪ್ಪೇರುದ್ರಪ್ಪ ಉದ್ಯಾನವನ.

ಯಾರಪ್ಪ ಇವನು ಎಂದು ಅರೆಗಳಿಗೆ ನಾನೂ ನಿಂತೆ.
ನಿಟುವಳ್ಳಿಯ ನಮ್ಮ ನಾಲ್ಕು ಅಡ್ಡರಸ್ತೆಗೆ ಅವನು
ಚಾವಿ ತಿಪ್ಪಣ್ಣ.
ಎದೆಯೆತ್ತರದ ಕಬ್ಬಿಣದ ಚಾವಿ,
ಸೈಕಲ್ಲಿಗೆ ಅಡ್ಡ ಕಟ್ಟಿದರೆ ಗಲ್ಲಿಯಲ್ಲಿ ತಿರುಗದು,
ಹೆಗಲ ಮೇಲೆ ಹೊತ್ತು ನಡೆದೇ ಬರುತ್ತಿದ್ದ.
ರಾತ್ರಿ ಮೂರಕ್ಕೆ ಚಪ್ಪಡಿ ಸರಿಸಿ, ಗುಂಡಿಗೆ ತೋಳಿಳಿಸಿ,
ಭೂಮಿಯ ಕಿವಿ ಹಿಂಡಿದಂತೆ ತಿರುಗಿಸಿದರೆ
ಕುಂದವಾಡ ಕೆರೆ ಎಲ್ಲೋ ಕೆಮ್ಮಿ
ನಮ್ಮ ನಲ್ಲಿಯಲ್ಲಿ ಮೊದಲು ಗಾಳಿ,
ಆಮೇಲೆ ಕೆಂಪು, ಆಮೇಲೆ ನೀರು.

ಬರೀ ಬಿಟ್ಟು ಹೋಗುವವನಲ್ಲ.
ಕಿವಿ ಮಂದವಾದ ಹಾಲಮ್ಮನ ಕಿಟಕಿಗೆ ಚಾವಿಯಿಂದ ಎರಡು ಸಲ ಟಣ್ ಟಣ್.
ಮದುವೆ ಚಪ್ಪರ ಕಂಡ ಸಾಲಿಗೆ ಕಾಲುಗಂಟೆ ಹೆಚ್ಚು.
ನನ್ನಮ್ಮ ತೀರಿದ ರಾತ್ರಿ ಪಾಳಿ ನಮ್ಮದಲ್ಲ.
ಮಯ್ಯತ್ತಿಗೆ ನೀರಿಲ್ಲವೆಂದು ಯಾರು ಹೇಳಿದರೋ,
ಬಂದ, ತಿರುಗಿಸಿದ,
ಕಟ್ಟೆಯ ಮೇಲೆ ಬೀಡಿ ಹಚ್ಚದೆ ಕೂತ.
ಕೊಡ ತುಂಬಿದ ಸದ್ದು ಕೇಳಿ ಎದ್ದು ಹೋದ.
ಅದಕ್ಕೆ ಅವನಿಗೊಂದು ನೋಟೀಸು ಬಂತಂತೆ.
ನನಗದು ಗೊತ್ತಾದದ್ದು ಅವನು ಸತ್ತ ಮೇಲೆ.

ಹಳೇ ಬೋರ್ಡು ಕೆರೆಯತೊಡಗಿದೆ.
ತುಕ್ಕಿನಡಿ ಹಸಿರು, ಹಸಿರಿನಡಿ ಮಾಸಿದ ಒಂದು ಹೆಸರು,
ಮೂಲೆಯಲ್ಲಿ 'ಕಲಂದರ್ ಆರ್ಟ್ಸ್'.
ನನ್ನದೇ ಕೈ.
ಹತ್ತೊಂಬತ್ತು ವರ್ಷದ ಹಿಂದೆ ನಾನೇ ಬರೆದದ್ದು.
ಹೆಸರು ಓದಲು ಬರುತ್ತಿದೆ, ಆದರೆ ಯಾರು ಆತ?
ಅಂದು ಯಾರ ಫೋಟೋಗೆ ಹಾರ ಹಾಕಿದ್ದರು?
ಮಂಡಕ್ಕಿ ಮೆಣಸಿನಕಾಯಿ ಗಾಡಿಯ ಗೌರಕ್ಕನನ್ನು ಕೇಳಿದೆ.
'ಇದಕ್ಕೆ ಬೇರೆ ಹೆಸರಿತ್ತಾ? ಆನೆ ಪಾರ್ಕ್ ಅಲ್ಲೇನು?'
ಸೊಂಡಿಲು ಮುರಿದ ಸಿಮೆಂಟಿನಾನೆಯ ಬೆನ್ನಿಂದ
ಹುಡುಗನೊಬ್ಬ ಜಾರಿ, ಬಿದ್ದು, ನಕ್ಕ.
ಕೆರೆಯುವ ಕೈ ಸ್ವಲ್ಪ ನಿಧಾನವಾಯಿತು.

ಕಾಲೇಜು ಕ್ಯಾಂಟೀನಿನಲ್ಲಿ ದೋಸೆ ಹುಯ್ಯುವ ಅಂಜಿನಮ್ಮ,
ತಿಪ್ಪಣ್ಣನ ಮಗಳು, ಮಧ್ಯಾಹ್ನ ಬಂದಳು.
'ಚಾವಿ ಅಂತ ಒಂದು ಸೇರಿಸೋಕಾಗಲ್ವ ಅಣ್ಣ?
ಇದು ರೇಷನ್ ಕಾರ್ಡಿನ ಹೆಸರು.
ಓದಿದರೆ ನಮ್ಮಪ್ಪ ಅನ್ನಿಸಲ್ಲ.'
ಜೆರಾಕ್ಸು ತೋರಿಸಿದೆ. ಓದಿ, ಮಡಚಿ, ವಾಪಸು ಕೊಟ್ಟಳು.
ಆ ಚಾವಿ ಎಲ್ಲಿದೆ ಎಂದೆ.
'ಆಫೀಸಿನದು. ಸಹಿ ಹಾಕಿಸಿಕೊಂಡು ಒಯ್ದರು.'

ಬರೆದೆ. ಬಿಳಿಯ ಮೇಲೆ ಕಡುನೀಲಿ.
ಸುಣ್ಣದ ದಾರ ಚಿಮ್ಮಿಸಿ ಗೆರೆ ಹಿಡಿದು,
ತಲೆಕಟ್ಟಿಗೆ ತಲೆಕಟ್ಟು ತಾಗದ ಹಾಗೆ.
ಈ ಹೆಸರಿನ ಭಾರವೆಲ್ಲ ಕೆಳಗೆ:
ಪಕ್ಕೆ ಪ, ದಕ್ಕೆ ರ, ಮತ್ತೆ ಪಕ್ಕೆ ಪ,
ಗೆರೆ ದಾಟಿ ಗುಂಡಿಗಿಳಿದ ಮೂರು ತೋಳು.
ಬಣ್ಣ ಹೆಚ್ಚಾಗಿ ಕೊನೆಯ ಒತ್ತಿನಿಂದ ಒಂದು ಹನಿ ಇಳಿಯಿತು.
ಒರೆಸಲು ಬಟ್ಟೆ ಎತ್ತಿದವನು
ಹಾಗೇ ಬಿಟ್ಟೆ.
ಮೂಲೆಯಲ್ಲಿ ನನ್ನ ಹೆಸರು ಹಾಕುವುದೋ ಬೇಡವೋ ಎಂದು ನೋಡಿ
ಹಾಕಿಯೇಬಿಟ್ಟೆ,
ಮುಂದೆ ಕೆರೆಯುವವನಿಗೆ ಗುರುತಿರಲಿ.

ಏಣಿ ಮಡಚುವಾಗ ಆಟೋದವನು ಕೂಗುತ್ತಿದ್ದ:
'ಆನೆ ಪಾರ್ಕ್, ಆನೆ ಪಾರ್ಕ್, ಇನ್ನೊಬ್ಬರು!'

ಪಾಲಿಕೆಯ ದರ, ಅಕ್ಷರಕ್ಕೆ ಇಪ್ಪತ್ತೆರಡು ರೂಪಾಯಿ.
ಗುಮಾಸ್ತ ಬೆರಳಿಟ್ಟು ಎಣಿಸಿದ.
ಒತ್ತಿಗೆ ಬೇರೆ ಲೆಕ್ಕವಿಲ್ಲ ಎಂದ.
ಇಲ್ಲ ಬಿಡಿ, ಎಂದೆ.